ಕಣ್ಣಿಗೆ ಹನಿ, ನೋವಿಗೆ ಗುಳಿಗೆ

ಬೈರಾಪಟ್ಟಣದಂತಹ ಊರುಗಳಲ್ಲಿ ಮೈಕೈ ನೋವಿಲ್ಲದ ಮನೆ ವಿರಳ. ರಾಗಿ ಹೊಲದ ಕೆಲಸ, ಹಿಪ್ಪುನೇರಳೆ ಸೊಪ್ಪಿನ ಹೊರೆ, ರೇಷ್ಮೆಹುಳುವಿನ ಹಗಲಿರುಳ ಆರೈಕೆ, ಇವುಗಳ ನಡುವೆ ಅಂಗಡಿಯಿಂದ ಎರಡು ಗುಳಿಗೆ ತರಿಸಿ ನುಂಗುವುದು ವಾಡಿಕೆಯಾಗಿದೆ. ಅದೇ ಮನೆಯಲ್ಲಿ ಗ್ಲಾಕೋಮಾ ರೋಗಕ್ಕೆ ಹನಿ ಹಾಕಿಕೊಳ್ಳುವವರಿದ್ದರೆ, ಯಾವ ಗುಳಿಗೆ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಗಂಡಹೆಂಡಿರಿಬ್ಬರೂ ಅರಿತಿರಬೇಕು.

ಕಣ್ಣಿನೊಳಗೆ ತಿಳಿಯಾದ ದ್ರವವೊಂದು ಸದಾ ಉತ್ಪತ್ತಿಯಾಗಿ, ಸದಾ ಹೊರಹರಿಯುತ್ತಿರುತ್ತದೆ. ಕಣ್ವ ಜಲಾಶಯದಲ್ಲಾಗಲಿ ನಿಮ್ಮೂರ ಕೆರೆಯಲ್ಲಾಗಲಿ ತೂಬು ಕಟ್ಟಿದರೆ ಏರಿಯ ಮೇಲೆ ಭಾರ ಬೀಳುವಂತೆ, ಈ ದ್ರವದ ದಾರಿ ಕಟ್ಟಿದರೆ ಒತ್ತಡವೇರಿ ದೃಷ್ಟಿನರವು ನಶಿಸುತ್ತದೆ. ಹೀಗೆ ಹೋದ ದೃಷ್ಟಿ ಶಸ್ತ್ರಚಿಕಿತ್ಸೆಯಿಂದಲೂ ಮರಳದು. ಇದು ಪೊರೆಯಂತಲ್ಲ. ಉಳಿದ ದೃಷ್ಟಿಯನ್ನು ಕಾಯುವುದಕ್ಕಾಗಿಯೇ ಪ್ರತಿದಿನ ಹನಿ ಹಾಕುವುದು.

ಕಣ್ಣಿಗೆ ಹಾಕಿದ ಹನಿ ಕಣ್ಣಲ್ಲೇ ನಿಲ್ಲುವುದಿಲ್ಲ. ಮೂಗಿನ ಬದಿಯ ಸಣ್ಣ ನಾಳದ ಮೂಲಕ ಇಳಿದು ರಕ್ತವನ್ನು ಸೇರುತ್ತದೆ. ಟಿಮೊಲಾಲ್ ಎಂಬ ಹನಿಯು ನಾಡಿಯ ಬಡಿತವನ್ನು ನಿಧಾನಗೊಳಿಸಬಲ್ಲದು, ಉಬ್ಬಸವಿರುವವರ ಉಸಿರನ್ನು ಕಟ್ಟಿಸಬಲ್ಲದು. ಆದುದರಿಂದ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಬೆರಳಿನಿಂದ 2 ನಿಮಿಷ ಮೆಲ್ಲನೆ ಒತ್ತಿ ಹಿಡಿಯತಕ್ಕದ್ದು. ಎರಡು ಬಗೆಯ ಹನಿಗಳಿದ್ದರೆ ನಡುವೆ 5 ನಿಮಿಷವಾದರೂ ಅಂತರವಿರಲಿ.

ಈಗ ಗುಳಿಗೆಗಳ ವಿಚಾರ. ಜ್ವರಕ್ಕೂ ಮೈನೋವಿಗೂ ಕೊಡುವ ಪ್ಯಾರಾಸಿಟಮಾಲ್ ಗ್ಲಾಕೋಮಾ ಹನಿಗಳೊಡನೆ ಕಲಹ ಮಾಡುವುದಿಲ್ಲ. ಆರೋಗ್ಯವಂತ ವಯಸ್ಕರು 500 ಮಿಲಿಗ್ರಾಂ ಗುಳಿಗೆಯನ್ನು 6 ಗಂಟೆಗಳಿಗೊಮ್ಮೆ ಸೇವಿಸಬಹುದು. ಯಕೃತ್ತಿನ ರೋಗವಿರುವವರೂ ನಿತ್ಯ ಮದ್ಯಪಾನ ಮಾಡುವವರೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಕೂಡದು. ಜ್ವರ ಬಂದಿತೆಂದು, ಗುಳಿಗೆ ನುಂಗಿದೆವೆಂದು, ಆ ದಿನದ ಹನಿಯನ್ನು ನಿಲ್ಲಿಸುವವರಿದ್ದಾರೆ. ಇದಕ್ಕೆ ಯಾವ ಆಧಾರವೂ ಇಲ್ಲ.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳು ಸಾಮಾನ್ಯವಾಗಿ ಕಣ್ಣಿನ ಒತ್ತಡವನ್ನು ಏರಿಸುವುದಿಲ್ಲ. ಅವುಗಳ ಕೇಡು ಜಠರಕ್ಕೆ ಮತ್ತು ಮೂತ್ರಪಿಂಡಕ್ಕೆ. ಆದರೆ ಕೆಲವು ಉಬ್ಬಸದ ರೋಗಿಗಳಲ್ಲಿ ಇವೇ ಉಬ್ಬಸವನ್ನು ಕೆರಳಿಸುತ್ತವೆ. ಅಂಥವರ ಕಣ್ಣಿಗೆ ಟಿಮೊಲಾಲ್ ಸಹ ಬೀಳುತ್ತಿದ್ದರೆ ಅಪಾಯ ಇಮ್ಮಡಿ.

ಹೆಚ್ಚಿನ ಎಚ್ಚರ ಬೇಕಾದುದು ಆಸ್ಪಿರಿನ್ ವಿಷಯದಲ್ಲಿ. ಹನಿಯಿಂದ ಒತ್ತಡ ಇಳಿಯದಿದ್ದಾಗ ಕಣ್ಣಿನ ವೈದ್ಯರು ಅಸೆಟಜೋಲಮೈಡ್ ಎಂಬ ಗುಳಿಗೆಯನ್ನೂ ಕೊಡುವುದುಂಟು. ಅದು ರಕ್ತದಲ್ಲಿ ಆಮ್ಲದ ಅಂಶವನ್ನು ಹೆಚ್ಚಿಸುತ್ತದೆ. ಅಂತಹ ರಕ್ತದಲ್ಲಿ ಆಸ್ಪಿರಿನ್ ಸುಲಭವಾಗಿ ಮಿದುಳನ್ನು ಹೊಕ್ಕು ವಿಷವಾಗಬಲ್ಲದು. ಕಿವಿಯಲ್ಲಿ ಗುಂಯ್‌ಗುಡುವಿಕೆ, ವೇಗದ ಉಸಿರು, ವಾಂತಿ, ಮಂಪರು, ಮಾತಿನಲ್ಲಿ ತಡವರಿಕೆ ಇದರ ಲಕ್ಷಣಗಳು. ಮುದುಕರಲ್ಲಿ ಇದನ್ನು ಕಂಡು "ವಯಸ್ಸಾಯಿತು, ಅರಳುಮರಳು" ಎಂದು ಮನೆಯವರು ಸುಮ್ಮನಾಗುತ್ತಾರೆ. ತಲೆನೋವಿಗೆಂದು ನೀರಿನಲ್ಲಿ ಕದಡಿ ಕುಡಿಯುವ ಕೆಲವು ಗುಳಿಗೆಗಳಲ್ಲಿರುವುದು ಆಸ್ಪಿರಿನ್ನೇ. ಹೃದಯಕ್ಕಾಗಿ ಸಣ್ಣ ಪ್ರಮಾಣದ ಆಸ್ಪಿರಿನ್ ಸೇವಿಸುವವರು ಮಾತ್ರ ಅದನ್ನು ತಾವಾಗಿಯೇ ಬಿಡಬಾರದು. ಎರಡೂ ಗುಳಿಗೆಗಳನ್ನು ವೈದ್ಯರ ಮುಂದಿಡಬೇಕು.

ಇನ್ನೊಂದು ಸಂಗತಿ ಹೆಂಗಸರಿಗೆ ಸಂಬಂಧಿಸಿದ್ದು. ಮುಟ್ಟಿನ ಹೊಟ್ಟೆನೋವಿಗೆ ಸೊಸೆ ತರಿಸಿಟ್ಟ ಗುಳಿಗೆಯನ್ನು ಅತ್ತೆಯವರು ತಮ್ಮ ಹೊಟ್ಟೆನುಲಿತಕ್ಕೂ ನುಂಗುವುದು ಅಪರೂಪವಲ್ಲ. ಇಂತಹ ಹಲವು ಗುಳಿಗೆಗಳಲ್ಲಿ ನೋವಿನ ಔಷಧದೊಡನೆ ಡೈಸೈಕ್ಲೋಮಿನ್ ಸೇರಿರುತ್ತದೆ. ಅದು ಕಣ್ಣಿನ ಪಾಪೆಯನ್ನು ಹಿಗ್ಗಿಸಬಲ್ಲದು. ದ್ರವ ಹೊರಹೋಗುವ ಬಾಯಿ ಕಿರಿದಾಗಿರುವ ಕಣ್ಣಿನಲ್ಲಿ ಪಾಪೆ ಹಿಗ್ಗಿದರೆ ದಾರಿ ಪೂರ್ತಿ ಮುಚ್ಚಿಹೋಗಬಹುದು. ಶೀತ, ತಲೆನೋವು ಎರಡಕ್ಕೂ ಒಂದೇ ಎಂದು ಮಾರುವ ಮಿಶ್ರ ಗುಳಿಗೆಗಳಿಗೂ ಈ ಮಾತು ಅನ್ವಯಿಸುತ್ತದೆ. ನೋಡಿ, ಇಲ್ಲಿ ತಪ್ಪು ನೋವಿನ ಔಷಧದ್ದಲ್ಲ, ಅದರ ಜೊತೆಗಾರನದು.

ಹಾಗೆ ದಾರಿ ಮುಚ್ಚಿದಾಗ ಕಣ್ಣು ಕೆಂಪಾಗಿ ಸಿಡಿಯುತ್ತದೆ, ಅರ್ಧತಲೆ ನೋಯುತ್ತದೆ, ವಾಂತಿಯಾಗುತ್ತದೆ, ದೀಪದ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ. ಪಿತ್ತ ಕೆದರಿತೆಂದು ತಿಳಿದು ಮತ್ತೊಂದು ನೋವಿನ ಗುಳಿಗೆ ನುಂಗಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಕಣ್ಣೇ ಹೋಗಬಹುದು. ರಾತ್ರಿಯಾದರೂ 108ಕ್ಕೆ ಕರೆಮಾಡಿ ಚನ್ನಪಟ್ಟಣದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಕಳುಹಿಸಿದರೆ ಹಿಂಜರಿಯಬೇಡಿ.

ಮಂಡಿನೋವಿಗೆ "ಒಂದೇ ದಿನದಲ್ಲಿ ಗುಣ" ಎಂದು ಕೊಡುವ ಹೆಸರಿಲ್ಲದ ಗುಳಿಗೆ, ಪುಡಿಗಳಲ್ಲಿ ಸ್ಟೀರಾಯ್ಡ್ ಇರಬಹುದು. ತಿಂಗಳುಗಟ್ಟಲೆ ತಿಂದರೆ ಅದು ಕಣ್ಣಿನ ಒತ್ತಡವನ್ನು ಸದ್ದಿಲ್ಲದೆ ಏರಿಸಿ, ಹನಿಯ ಶ್ರಮವನ್ನು ವ್ಯರ್ಥಗೊಳಿಸುತ್ತದೆ. ಈಗಾಗಲೇ ಸೇವಿಸುತ್ತಿರುವವರು ಥಟ್ಟನೆ ನಿಲ್ಲಿಸುವುದೂ ಅಪಾಯಕರ; ವೈದ್ಯರು ಹಂತಹಂತವಾಗಿ ಬಿಡಿಸುತ್ತಾರೆ.

ಹನಿ ಹಾಕಿಕೊಳ್ಳುವ ಹೆಣ್ಣುಮಗಳು ಗರ್ಭ ನಿಂತ ಶಂಕೆಯಾದೊಡನೆ ತಿಳಿಸಬೇಕು. ಹನಿಯನ್ನು ಬದಲಿಸಬೇಕಾಗಬಹುದು. ಐಬುಪ್ರೊಫೆನ್‌ನಂತಹ ಗುಳಿಗೆಗಳನ್ನು, ವಿಶೇಷವಾಗಿ 20 ವಾರಗಳ ನಂತರ, ವೈದ್ಯರು ಹೇಳದೆ ಸೇವಿಸಕೂಡದು.

"ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರೆ ಬಹುಮಂದಿ ಗುಳಿಗೆಗಳನ್ನು ಹೇಳಿ ಹನಿಯನ್ನು ಮರೆಯುತ್ತಾರೆ. ಹೆಸರು ನೆನಪಿಲ್ಲದಿದ್ದರೆ ಸೀಸೆಯನ್ನೇ ತನ್ನಿ. ಮುಚ್ಚಳದ ಬಣ್ಣ ಹೇಳಿದರೆ ಸಾಲದು. ಬೇರೆ ಬೇರೆ ಔಷಧಗಳಿಗೂ ಒಂದೇ ಬಣ್ಣದ ಮುಚ್ಚಳವಿರಬಹುದು.