ಪಾಂಡುವಿನ ಬಗ್ಗೆ ಕೇಳಿದೆಯಲ್ಲ, ಮಗಳೇ

ಮಾಣಿ, ಬಂಟ್ವಾಳ ತಾಲೂಕು
ಆಟಿ ತಿಂಗಳು

ಪ್ರೀತಿಯ ಪುಟ್ಟಿ,

ಹಿಡಿದ ಮಳೆ ಬಿಟ್ಟಿಲ್ಲ. ತೋಟಕ್ಕೆ ಎರಡನೇ ಸಲ ಮದ್ದು ಬಿಡಲು ಒಂದು ಹೊತ್ತಿನ ಬಿಸಿಲು ಸಿಕ್ಕೀತೇ ಎಂದು ನಿನ್ನ ದೊಡ್ಡಪ್ಪ ಜಗಲಿಯಲ್ಲಿ ಕೂತು ಆಕಾಶ ನೋಡುತ್ತಿದ್ದಾರೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಮನಸ್ಸಿನಲ್ಲೇ ಉಳಿದಿದೆ. ‘ಪಾಪ ಪಾಂಡು ಧಾರಾವಾಹಿ ಅಂದ್ರೆ ನಿಮಗೆ ಅಷ್ಟು ಇಷ್ಟ ಯಾಕೆ ದೊಡ್ಡಮ್ಮ? ಹೆಂಡತಿ ಗಂಡನಿಗೆ ಹೊಡೆಯುವುದನ್ನು ನೋಡಿ ನಗುವುದರಲ್ಲಿ ಎಂಥ ಉಂಟು?’ ಎಂದೆ. ಆಗ ನನಗೆ ಸರಿಯಾದ ಉತ್ತರ ತೋಚಲಿಲ್ಲ. ನೀನು ಬೆಂಗಳೂರಿನಲ್ಲಿ ಹಾಸ್ಯ ಬರೆಯುವ ಕೆಲಸಕ್ಕೆ ಸೇರಿದವಳು, ನಿನ್ನ ಪ್ರಶ್ನೆಗೆ ‘ಸುಮ್ಮನೆ ನಗು ಬರ್ತದೆ’ ಎಂದು ಹೇಳಿ ಮುಗಿಸುವುದು ಸರಿಯಲ್ಲ. ಅದಕ್ಕೇ ಈ ಕಾಗದ.

ನಗಿಸುವವರಿಗೆ ನಮ್ಮ ಸೀಮೆಯಲ್ಲಿ ಎಂದೂ ಬರ ಇರಲಿಲ್ಲ. ಮೂಡುಬಿದಿರೆ ಕಡೆಯ ಮಿಜಾರು ಅಣ್ಣಪ್ಪನವರು ಯಕ್ಷಗಾನದ ರಂಗಕ್ಕೆ ಕಾಲಿಟ್ಟರೆ ನಿದ್ದೆಗೆ ಜಾರಿದವರೂ ಎದ್ದು ಕೂರುತ್ತಿದ್ದರು. ತುಳು ನಾಟಕದಲ್ಲಿ ನವೀನ್ ಡಿ. ಪಡೀಲ್, ಭೋಜರಾಜ ವಾಮಂಜೂರು ಇದ್ದಾರೆ. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ‘ಒರಿಯರ್ದೊರಿ ಅಸಲ್’ ನಾಟಕವನ್ನು ಜನ ಎಷ್ಟು ಮೆಚ್ಚಿದರೆಂದರೆ 2011ರಲ್ಲಿ ಅದು ಸಿನಿಮಾ ಕೂಡ ಆಯಿತು. ಆದರೆ ಆಟಕ್ಕೂ ನಾಟಕಕ್ಕೂ ಮನೆ ಬಿಟ್ಟು ಹೊರಡಬೇಕು. ಹೆಂಗಸರಿಗೆ ಅದು ವರ್ಷಕ್ಕೆ ಒಂದೋ ಎರಡೋ ಸಲ ಸಿಗುವ ಭಾಗ್ಯ. ದಿನಾ ಮನೆಯೊಳಗೆ ನಗು ಬಂದದ್ದು ಟಿವಿಯಿಂದ.

ಮೊದಲಿಗೆ ಇದ್ದದ್ದು ದೂರದರ್ಶನ ಒಂದೇ. ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿ, ಒಬ್ಬರು ಹೊರಗೆ ನಿಂತು ತಿರುಗಿಸುವುದು, ಒಬ್ಬರು ಒಳಗಿನಿಂದ ‘ಬಂತು, ಬಂತು’ ಎಂದು ಕೂಗುವುದು. ರಮೇಶ್ ಭಟ್ಟರ ‘ಕ್ರೇಜಿ ಕರ್ನಲ್’ ನೋಡಿದ್ದು ಹಾಗೆ. ‘ಸಿಹಿ ಕಹಿ’ ಎಂಬ ಧಾರಾವಾಹಿಯ ಹೆಸರು ಅದರಲ್ಲಿ ನಟಿಸಿದ ಚಂದ್ರು, ಗೀತಾ ಇಬ್ಬರ ಹೆಸರಿಗೂ ಅಂಟಿಕೊಂಡಿತು, ಮುಂದೆ ಅವರು ಗಂಡಹೆಂಡತಿಯೂ ಆದರು. ನಮ್ಮ ಕರಾವಳಿಯದ್ದೇ ಕಥೆ ಎಂದರೆ ಸದಾನಂದ ಸುವರ್ಣರ ‘ಗುಡ್ಡದ ಭೂತ’. ಅದನ್ನು ನೋಡಿ ನಾವು ನಕ್ಕದ್ದಿಲ್ಲ, ರಾತ್ರಿ ಹೊರಗೆ ಹೋಗಲು ಹೆದರಿದ್ದೇವೆ. 1994ರಲ್ಲಿ ಉದಯ ಟಿವಿ ಬಂತು, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ. ಪೇಟೆಯವರಿಗೆ ಕೇಬಲ್ ಸಿಕ್ಕಿತು. ತೋಟದ ನಡುವೆ ಒಂದೊಂದೇ ಮನೆ ಇರುವ ನಮ್ಮಂಥವರ ಕಡೆಗೆ ಯಾರು ತಂತಿ ಎಳೆಯುತ್ತಾರೆ? ಆ ವರ್ಷದ ಅಡಿಕೆ ದುಡ್ಡಿನಲ್ಲಿ ನಿನ್ನ ದೊಡ್ಡಪ್ಪ ದೊಡ್ಡ ಡಿಶ್ ಹಾಕಿಸಿದರು. ಅದರ ಜೊತೆಗೇ ಎಂಬಂತೆ ಪಾಂಡು ನಮ್ಮ ಮನೆಗೆ ಬಂದ.

ಅದು ಈಟಿವಿ ಕನ್ನಡದಲ್ಲಿ ಬರುತ್ತಿದ್ದ, ಸಿಹಿಕಹಿ ಚಂದ್ರು ನಿರ್ದೇಶಿಸಿದ ಧಾರಾವಾಹಿ. ಪಾಂಡುವಾಗಿ ಚಿದಾನಂದ್, ಶ್ರೀಮತಿಯಾಗಿ ಶಾಲಿನಿ. ಹೆಂಡತಿಗೆ ಹೆದರುವ ಗಂಡ, ಕೈಯೆತ್ತಲು ಹಿಂಜರಿಯದ ಹೆಂಡತಿ, ಕಥೆ ಅಷ್ಟೇ. ಅದೇ ವಾಹಿನಿಯಲ್ಲಿ ‘ಸಿಲ್ಲಿ ಲಲ್ಲಿ’ಯೂ ಬಂತು, ರವಿಶಂಕರ್ ಗೌಡರ ಡಾಕ್ಟರ್ ವಿಠ್ಠಲ್ ರಾವ್ ನನಗೂ ಇಷ್ಟ. ಅದರ ನಿರ್ದೇಶಕ ವಿಜಯಪ್ರಸಾದ್ ಮುಂದೆ ‘ಸಿದ್ಲಿಂಗು’, ‘ನೀರ್‌ದೋಸೆ’ ಸಿನಿಮಾ ಮಾಡಿದರು. ಆದರೆ ಮನಸ್ಸು ನಿಂತದ್ದು ಪಾಂಡುವಿನಲ್ಲಿ.

ಆಗ ನಮ್ಮ ಜಗಲಿ ಹೇಗಿತ್ತೆಂದು ನಿನಗೆ ಹೇಳಬೇಕು. ನೀನು ಹುಟ್ಟಿದ್ದೆಯಷ್ಟೆ, ನೆನಪಿರಲಿಕ್ಕಿಲ್ಲ. ಸುತ್ತಲಿನ ಮನೆಗಳಿಗೆ ಟಿವಿ ಇನ್ನೂ ಬಂದಿರಲಿಲ್ಲ, ಬಂದಲ್ಲಿಯೂ ದೂರದರ್ಶನ ಮಾತ್ರ. ಹಾಗಾಗಿ ಪಾಂಡು ಬರುವ ಹೊತ್ತಿಗೆ ಬೀಡಿ ಕಟ್ಟುವ ನಾಲ್ಕೈದು ಹೆಂಗಸರು ತಡ್ಪೆ, ಎಂದರೆ ಮೊರ, ಹಿಡಿದುಕೊಂಡು ಬರುತ್ತಿದ್ದರು. ಮಡಿಲಲ್ಲಿ ತಡ್ಪೆ, ಅದರಲ್ಲಿ ಕತ್ತರಿಸಿದ ಬೀಡಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಬೆಳಿಗ್ಗೆ ಬ್ರಾಂಚಿಗೆ ಬೀಡಿ ಮುಟ್ಟಿಸಬೇಕು, ಲೆಕ್ಕ ಕಡಿಮೆಯಾದರೆ ದುಡ್ಡು ಕಡಿಮೆ. ಆದ್ದರಿಂದ ಟಿವಿ ನೋಡುವಾಗಲೂ ಕೈಗೆ ಬಿಡುವಿಲ್ಲ. ಆ ಕೈಗಳಿಗೆ ಕಣ್ಣಿನ ಸಹಾಯ ಬೇಕಾಗಿರಲಿಲ್ಲ. ಎಲೆ ಎತ್ತಿ, ಪುಡಿ ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವುದು ತಾನಾಗಿ ನಡೆಯುತ್ತಿತ್ತು. ಇನ್ನೊಂದು ಮೂಲೆಯಲ್ಲಿ ನಾವು ಅಡಿಕೆ ಸುಲಿಯುತ್ತಿದ್ದೆವು. ಪಾಂಡು ಏನೋ ಸುಳ್ಳು ಹೇಳಿ ಸಿಕ್ಕಿಬಿದ್ದ, ಶ್ರೀಮತಿ ‘ರೀ’ ಎಂದಳು ಅಂತಿಟ್ಟುಕೋ. ಆಗ ಮಾತ್ರ ಎಲ್ಲ ಕೈಗಳೂ ಒಟ್ಟಿಗೇ ನಿಲ್ಲುತ್ತಿದ್ದವು. ಸುತ್ತಿದ ಬೀಡಿ ಕಟ್ಟದೆ ಉಳಿಯುತ್ತಿತ್ತು, ಅಡಿಕೆ ಕತ್ತಿಯ ಮೇಲೇ ನಿಲ್ಲುತ್ತಿತ್ತು. ಏಟು ಬಿದ್ದ ಮೇಲೆ ನಗು, ನಗುವಿನ ಹಿಂದೆಯೇ ಮತ್ತೆ ಕೆಲಸ.

ಏಟಿಗಿಂತ ಏಟಿನ ಮೊದಲಿನ ಆ ಗಳಿಗೆಯಲ್ಲೇ ಚಿದಾನಂದ್ ಗೆಲ್ಲುತ್ತಿದ್ದರು. ತಪ್ಪಿಸಿಕೊಳ್ಳಲು ದಾರಿ ಉಂಟೇ ಎಂದು ಮುಖ ಹುಡುಕುತ್ತದೆ, ಇಲ್ಲ ಎಂದು ಗೊತ್ತಾಗುತ್ತದೆ, ಆದರೂ ಇನ್ನೊಂದು ಸುಳ್ಳಿಗೆ ಬಾಯಿ ತೆರೆಯುತ್ತದೆ. ಶಾಲಿನಿ ಅವಸರ ಮಾಡುವುದಿಲ್ಲ, ಆ ಮುಖಕ್ಕೆ ಬೇಕಾದಷ್ಟು ಸಮಯ ಕೊಡುತ್ತಾರೆ. ಹಾಸ್ಯದಲ್ಲಿ ಎದುರಿನವರಿಗೆ ಸಮಯ ಬಿಟ್ಟುಕೊಡುವವರೇ ದೊಡ್ಡ ನಟರು ಎಂದು ನಾನು ನಂಬಿದ್ದೇನೆ. ಶಾಲಿನಿಗೆ ಸಲ್ಲಬೇಕಾದಷ್ಟು ಹೊಗಳಿಕೆ ಸಂದಿಲ್ಲ ಎಂದು ಇವತ್ತಿಗೂ ನನಗೆ ಬೇಸರ.

ಇನ್ನು ನಿನ್ನ ಪ್ರಶ್ನೆ. ಜಗಲಿಗೆ ಬರುತ್ತಿದ್ದ ಆ ಹೆಂಗಸರಲ್ಲಿ ಒಬ್ಬಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಶ್ರೀಮತಿಯ ಕೈ ಮೇಲೆದ್ದರೆ ಸಾಕು, ಕಣ್ಣಲ್ಲಿ ನೀರು ಬರುವ ತನಕ ನಗು. ಅವಳ ಮನೆಯ ಸಂಗತಿ ನಮಗೆಲ್ಲ ಗೊತ್ತಿತ್ತು. ಕೆಲವು ದಿನ ತೋಳಿನ ಮೇಲೆ ಸೆರಗು ಹೊದ್ದು ಬರುತ್ತಿದ್ದಳು, ಯಾರೂ ಕೇಳುತ್ತಿರಲಿಲ್ಲ. ಕೌಟುಂಬಿಕ ದೌರ್ಜನ್ಯದ ಕಾಯ್ದೆ ಆದದ್ದು 2005ರಲ್ಲಿ, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ನಾವು ಪಾಂಡುವನ್ನು ನೋಡಲು ಸುರುಮಾಡಿದಾಗ ಆ ಕಾನೂನೂ ಇರಲಿಲ್ಲ. ಬೇರೆ ಧಾರಾವಾಹಿಗಳಲ್ಲಿ ಹೆಚ್ಚಾಗಿ ಹೆಂಗಸರು ಅಳುತ್ತಿದ್ದರು. ಅತ್ತೆಯ ಕಾಟಕ್ಕೆ ಒಬ್ಬಳು, ಸವತಿಯ ಕಾಟಕ್ಕೆ ಇನ್ನೊಬ್ಬಳು, ಗಂಡನ ಮೌನಕ್ಕೆ ಮತ್ತೊಬ್ಬಳು. ಶ್ರೀಮತಿ ಅಳುವವಳಲ್ಲ. ಅರ್ಧ ಗಂಟೆಯ ಮಟ್ಟಿಗೆ ಲೋಕ ತಲೆಕೆಳಗಾಗಿ ನಿಲ್ಲುತ್ತಿತ್ತು, ಅದರಲ್ಲಿ ಹೆದರುವವನು ಗಂಡ. ಆ ನಗುವನ್ನು ಒರಟು ನಗು ಎಂದು ತಳ್ಳಿಹಾಕಲು ನನಗೆ ಆಗುವುದಿಲ್ಲ. ಗಂಡನಿಗೆ ಹೊಡೆಯುವುದು ಸರಿ ಎಂದು ಅಲ್ಲಿದ್ದ ಯಾರೂ ಕಲಿಯಲಿಲ್ಲ. ಆದರೆ ಅವಳು ದಿನಾ ಅಷ್ಟು ಹೊತ್ತು ನಗಲು ಬರುತ್ತಿದ್ದಳು, ನಗುವಾಗ ಒಬ್ಬಳೇ ಇರುತ್ತಿರಲಿಲ್ಲ. ಹೀಗೆ ಪಕ್ಕದಲ್ಲಿ ಕೂತು ನಕ್ಕವರಲ್ಲೇ ಇಬ್ಬರು ಒಂದು ರಾತ್ರಿ ಅವಳ ಮನೆಗೆ ಹೋಗಿ ಅವಳನ್ನೂ ಮಕ್ಕಳನ್ನೂ ಕರೆದುಕೊಂಡು ಬಂದರು. ಅದು ಪಾಂಡುವಿನಿಂದ ಆಯಿತು ಎಂದು ಹೇಳಲಾರೆ. ದಿನಾ ಒಂದೇ ಜಗಲಿಯಲ್ಲಿ ಕೂರುವ ಅಭ್ಯಾಸ ಆದದ್ದು ಮಾತ್ರ ಪಾಂಡುವಿನಿಂದಲೇ.

ಎಲ್ಲ ಕಂತೂ ಚೆನ್ನಾಗಿತ್ತು ಎಂದು ನಾನು ವಾದಿಸುವುದಿಲ್ಲ. ದಿನಕ್ಕೊಂದು ಕಂತು ಕೊಡಬೇಕಾದಾಗ ಸಪ್ಪೆ ದಿನಗಳು ಬಂದೇ ಬರುತ್ತವೆ. ಆದರೆ ಬರೆಯುವವಳಾಗಿ ನೀನು ಆ ಕೆಲಸದ ಕಷ್ಟ ಯೋಚಿಸು. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು 20–22 ನಿಮಿಷ. ನಿನ್ನೆ ನೋಡದವರಿಗೂ ಇವತ್ತು ಅರ್ಥವಾಗಬೇಕು, ಮಧ್ಯದಲ್ಲಿ ಬಂದು ಕೂತವರೂ ನಗಬೇಕು. ಮಕ್ಕಳ ಎದುರು ಹಿರಿಯರಿಗೆ ಮುಜುಗರ ಆಗಬಾರದು. ಅದೇ ಮನೆ, ಅದೇ ಜನ, ಆದರೂ ಇವತ್ತಿನ ಪೇಚು ಹೊಸತಾಗಿರಬೇಕು. ಅಳಿಸುವ ಧಾರಾವಾಹಿಯವರು ಒಂದು ಮದುವೆಯನ್ನು ತಿಂಗಳಿಡೀ ಎಳೆಯಬಹುದು, ನಗೆಯನ್ನು ಎಳೆಯಲು ಬರುವುದಿಲ್ಲ. ಇಲ್ಲಿ ಇನ್ನೊಂದು ತೊಂದರೆಯೂ ಇತ್ತು. ತುಲಾ ಮಾಸದ ಸಂಜೆಗಳಲ್ಲಿ ಸಿಡಿಲು ಸುರುವಾದರೆ ಟಿವಿಯ ಪ್ಲಗ್ ಕಿತ್ತುಬಿಡಬೇಕು, ಡಿಶ್‌ನ ವಯರೂ ಬಿಚ್ಚಬೇಕು. ಕಥೆ ಅರ್ಧಕ್ಕೆ ನಿಂತರೆ ಉಳಿದದ್ದನ್ನು ನಾವೇ ಕಟ್ಟುತ್ತಿದ್ದೆವು. ಚಿಮಿಣಿ ದೀಪದ ಎದುರು ಒಬ್ಬಳು ಪಾಂಡು, ಒಬ್ಬಳು ಶ್ರೀಮತಿ. ಆ ಇಬ್ಬರ ಸ್ವಭಾವ ಅಷ್ಟು ಗಟ್ಟಿಯಾಗಿ ಬರೆದಿದ್ದರಿಂದಲೇ ನಮ್ಮಂಥವರ ಬಾಯಲ್ಲೂ ಕಥೆ ಮುಂದೆ ಹೋಗುತ್ತಿತ್ತು.

ಆಮೇಲೆ ಧಾರಾವಾಹಿ ಮುಗಿಯಿತು. ವರ್ಷಗಳು ಹೋದವು. 2015ರಲ್ಲಿ ಈಟಿವಿ ಕನ್ನಡ ಹೋಗಿ ಕಲರ್ಸ್ ಕನ್ನಡ ಆಯಿತು, ಮರುವರ್ಷ ಕಲರ್ಸ್ ಸೂಪರ್ ಎಂಬ ಇನ್ನೊಂದು ವಾಹಿನಿ ಬಂತು. 2018ರಲ್ಲಿ ಆ ವಾಹಿನಿಯಲ್ಲಿ ಪಾಪ ಪಾಂಡು ಮತ್ತೆ ಬರುತ್ತದೆ ಎಂದಾಗ ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಬೇರೆ ಯಾರನ್ನೋ ತಂದು ಪಾಂಡು ಎಂದು ಕೂರಿಸಿದರೆ? ಹಾಗೆ ಮಾಡಲಿಲ್ಲ. ನಿರ್ದೇಶನ ಚಂದ್ರು ಅವರದ್ದೇ, ಪಾಂಡು ಚಿದಾನಂದರೇ, ಶ್ರೀಮತಿ ಶಾಲಿನಿಯೇ. ಸುತ್ತಲಿನ ಪಾತ್ರಗಳಿಗೆ ಹೊಸ ಹುಡುಗರು ಬಂದರು. ಇಬ್ಬರಿಗೂ ವಯಸ್ಸಾಗಿತ್ತು, ನೋಡುತ್ತಿದ್ದ ನಮಗೂ ಆಗಿತ್ತು. ಆದರೆ ಆ ಮುಖ ಸುಳ್ಳಿಗೆ ಬಾಯಿ ತೆರೆದ ಕೂಡಲೇ ನಾನು ಅಡುಗೆ ಕೋಣೆಯಿಂದ ನಿನ್ನ ದೊಡ್ಡಪ್ಪನನ್ನು ಕೂಗಿ ಕರೆದೆ.

ಹಿಂದಿಯಲ್ಲೂ ಹೀಗೆ ಹಳೆಯವರು ಮರಳಿದ್ದಾರೆ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರ ಪಾತ್ರದಿಂದ ಹುಟ್ಟಿದ ‘ವಾಗ್ಲೆ ಕಿ ದುನಿಯಾ’ 1988ರಲ್ಲಿ ದೂರದರ್ಶನದಲ್ಲಿ ಬಂದಿತ್ತು. 2021ರಲ್ಲಿ ಮತ್ತೆ ಬಂದಾಗ ಅಂಜನ್ ಶ್ರೀವಾಸ್ತವ್, ಭಾರತಿ ಆಚ್ರೇಕರ್ ಅದೇ ದಂಪತಿಯಾದರು, ಆದರೆ ಮನೆಯ ಹಿರಿಯರಾಗಿ, ಮಗ ಸೊಸೆ ಮೊಮ್ಮಕ್ಕಳ ನಡುವೆ. ಅದು ಒಳ್ಳೆಯ ದಾರಿಯೇ. ಆದರೂ ನನಗೆ ಪಾಂಡುವಿನ ದಾರಿ ಹೆಚ್ಚು ಹತ್ತಿರ, ಯಾಕೆಂದರೆ ಅದು ನಮ್ಮ ಯಕ್ಷಗಾನದ ದಾರಿ. ಧರ್ಮಸ್ಥಳ, ಕಟೀಲು ಮೇಳಗಳು ಮಳೆಗಾಲದ ಮುಂಚಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ, ದೀಪಾವಳಿ ಕಳೆದ ಮೇಲೆ ಮತ್ತೆ ತಿರುಗಾಟಕ್ಕೆ ಹೊರಡುತ್ತವೆ. ಹಾಸ್ಯಗಾರನ ಕೂದಲು ಬೆಳ್ಳಗಾದರೂ ಅವನು ಕಟ್ಟುವ ದೂತನಿಗೆ ವಯಸ್ಸಾಗುವುದಿಲ್ಲ. ಕಳೆದ ವರ್ಷ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಸುರು ಮಾಡುತ್ತಾನೆ, ಮಾತು ಮಾತ್ರ ಈ ವರ್ಷದ್ದು. ಮರಳಿ ಬರುವುದು ನಮಗೆ ಹೊಸದಲ್ಲ, ಬಾರದೇ ಇದ್ದರೆ ಚಿಂತೆ.

ಒಂದು ಮಾತ್ರ ಮೊದಲಿನಂತೆ ಇರಲಿಲ್ಲ. ಎರಡನೇ ಸಲ ಪಾಂಡು ಬಂದಾಗ ಜಗಲಿಗೆ ಯಾರೂ ಬರಲಿಲ್ಲ. ಎಲ್ಲರ ಮನೆಯಲ್ಲೂ ಟಿವಿ ಉಂಟು, ಕೈಯಲ್ಲಿ ಮೊಬೈಲ್ ಉಂಟು. ಬೀಡಿ ಕಟ್ಟುವವರೂ ಕಡಿಮೆಯಾದರು. ಹಾಗಾಗಿ ಮರುದಿನ ಬೆಳಿಗ್ಗೆ ಹಾಲಿನ ಡಿಪೋದಲ್ಲಿ ‘ನಿನ್ನೆ ನೋಡಿದಿರಾ?’ ಎಂದು ನಾನೇ ಕೇಳಲು ಸುರುಮಾಡಿದೆ. ಮೊದಲು ಒಬ್ಬಳು ಹೌದು ಎಂದಳು, ಆಮೇಲೆ ಇನ್ನೊಬ್ಬಳು. ಜೋರಾಗಿ ನಗುತ್ತಿದ್ದವಳೂ ಸಿಕ್ಕಿದಳು, ಈಗ ಮಗಳ ಜೊತೆಗಿದ್ದಾಳೆ. ಮುಂದೆ ಚಂದ್ರು ಅವರ ‘ಬೊಂಬಾಟ್ ಭೋಜನ’ ಕಾರ್ಯಕ್ರಮ ನೋಡಿ ಮಾಡಿದ ಅಡುಗೆಯ ಸುದ್ದಿಯೂ ನಮ್ಮ ಮಾತಿಗೆ ಸೇರಿತು. ನಗಿಸಿದವರೇ ಈಗ ಅಡುಗೆ ಕಲಿಸುತ್ತಾರೆ ಎಂದು ನಮಗೆಲ್ಲ ಅವರ ಮೇಲೆ ಮನೆಯವರೆಂಬ ಸಲಿಗೆ.

ಮಗಳೇ, ನೀನು ಕಳುಹಿಸುವ ಅರ್ಧ ನಿಮಿಷದ ತುಣುಕುಗಳನ್ನು ನಾನು ನೋಡುತ್ತೇನೆ. ನಿನ್ನ ಮಾತು ಚುರುಕಾಗಿದೆ, ನಗುವೂ ಬರುತ್ತದೆ. ಆದರೆ ಅದರಲ್ಲಿರುವ ಹುಡುಗಿ ಯಾರು, ನಾಳೆ ಅವಳು ಏನು ಮಾಡುತ್ತಾಳೆ ಎಂದು ಕೇಳಬೇಕೆನಿಸುವ ಮೊದಲೇ ಮುಗಿದುಬಿಡುತ್ತದೆ. ಒಬ್ಬಳನ್ನು ಹಿಡಿದುಕೋ, ಅವಳಿಗೊಂದು ಮನೆ ಕೊಡು, ಅವಳ ಸುಳ್ಳನ್ನು ಹಿಡಿಯುವ ಇನ್ನೊಬ್ಬರನ್ನು ಕೊಡು. ಇಪ್ಪತ್ತು ನಿಮಿಷ ಅವಳ ಜೊತೆ ಇರು. ಹೆಂಡತಿ ಹೊಡೆಯುವ ಹಾಸ್ಯ ನಿನ್ನ ಕಾಲಕ್ಕೆ ಬೇಡ ಎನಿಸಿದರೆ ಬಿಡು, ನಿನ್ನ ಜಗಲಿಯಲ್ಲಿ ಯಾರು ಕೂತಿದ್ದಾರೆ, ಅವರು ಮನೆಯಲ್ಲಿ ಯಾರಿಗೆ ಹೆದರುತ್ತಾರೆ ಎಂಬುದನ್ನು ನೋಡಿ ಬರೆ. ಅದು ನಿನ್ನಿಂದ ಆಗುತ್ತದೆ ಎಂದು ನನಗೆ ಪೂರ್ತಿ ನಂಬಿಕೆ ಉಂಟು.

ಚೌತಿಗೆ ಬರುವಾಗ ಒಂದು ಕಂತನ್ನಾದರೂ ಬರೆದುಕೊಂಡು ಬಾ. ಹಾಲಿನ ಡಿಪೋದಲ್ಲಿ ಹೇಳಿ ನಾಲ್ಕು ಜನರನ್ನು ಜಗಲಿಗೆ ಕರೆಯುತ್ತೇನೆ, ನೀನೇ ಓದಬೇಕು. ಟಿಕೆಟ್ ಈಗಲೇ ಮಾಡಿಸು. ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಮಡಿಕೇರಿ, ಪುತ್ತೂರು ಮೇಲೆ ಬರುವ ಬಸ್ಸು ಹಿಡಿ. ಎರಡು ದಾರಿಯೂ ಮಾಣಿಗೇ ಬಂದು ಸೇರುತ್ತವೆ.

ಇತಿ,
ನಿನ್ನ ದೊಡ್ಡಮ್ಮ