ಸಮುದಾಯ ವೈದ್ಯಶಾಸ್ತ್ರದ ಎಂ.ಡಿ.: ಸೀಟಿಗೆ ಮೊದಲು ಕಾಗದ ಸರಿಮಾಡಿಕೊಳ್ಳಿ

ಜೇವರ್ಗಿ, ಆಳಂದ, ಅಫಜಲಪುರ ಕಡೆಯ ಯುವ ವೈದ್ಯರು ರ್‍ಯಾಂಕ್ ಇದ್ದೂ ಸೀಟು ಕಳೆದುಕೊಳ್ಳುವುದನ್ನು ನೋಡಿದಾಗ ಸಂಕಟವಾಗುತ್ತದೆ. ಎಡವುವುದು ಓದಿನಲ್ಲಲ್ಲ, ದಾಖಲೆಯಲ್ಲಿ.

ಮೊದಲಿಗೆ, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಬೇರೆ, ಎಂ.ಡಿ. ಬೇರೆ. ಎಂಪಿಎಚ್ ಪದವಿಯನ್ನು ವೈದ್ಯರಲ್ಲದವರೂ ಓದಬಹುದು. ಸಮುದಾಯ ವೈದ್ಯಶಾಸ್ತ್ರದ ಎಂ.ಡಿ. ಮಾತ್ರ ಮೂರು ವರ್ಷದ ರೆಸಿಡೆನ್ಸಿ. ಅದಕ್ಕೆ ಶಿಷ್ಯವೇತನ ಉಂಟು, ನೀಟ್-ಪಿಜಿ ಬರೆಯಲೇಬೇಕು. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ ದಾರಿಯೂ ಇದೆ.

ನೀಟ್ ಫಲಿತಾಂಶ ಬಂದ ಮೇಲೆ ಕೌನ್ಸೆಲಿಂಗ್ ಎರಡು ಕಡೆ ನಡೆಯುತ್ತದೆ. ಸರ್ಕಾರಿ ಕಾಲೇಜುಗಳ ಅರ್ಧದಷ್ಟು ಸೀಟು ಅಖಿಲ ಭಾರತ ಕೋಟಾದಲ್ಲಿ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ ಮೂಲಕ, ರಾಜ್ಯದ ಪಾಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಮೂಲಕ. ಎರಡಕ್ಕೂ ಪ್ರತ್ಯೇಕವಾಗಿ ನೋಂದಾಯಿಸಿ.

ಈಗ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ. ಇದನ್ನು ನಿಧಾನವಾಗಿ ಓದಿ. 2013ರ ಪ್ರವೇಶ ಆದೇಶದಂತೆ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಸ್ಥಳೀಯರಿಗೆ ಮೀಸಲು. ಬಹಳ ಮಂದಿ ತಹಶೀಲ್ದಾರರು ಕೊಟ್ಟ ವಾಸಸ್ಥಳ ಪ್ರಮಾಣಪತ್ರ ಹಿಡಿದು ಬರುತ್ತಾರೆ. ಅದು ನಡೆಯುವುದಿಲ್ಲ. ಬೇಕಿರುವುದು ಸಹಾಯಕ ಆಯುಕ್ತರು ಸಹಿ ಮಾಡಿದ 371(ಜೆ) ಅರ್ಹತಾ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೂ ತಲಾಟಿ, ಕಂದಾಯ ನಿರೀಕ್ಷಕರ ವರದಿ ದಾಟಿ ಕಡತ ಕಲಬುರಗಿಯ ಉಪವಿಭಾಗ ಕಚೇರಿಗೆ ಹೋಗಬೇಕು. ಕೌನ್ಸೆಲಿಂಗ್ ಪ್ರಕಟಣೆ ಬಂದಮೇಲೆ ಓಡಾಡಿದರೆ ಸಮಯ ಸಾಲದು, ಇಂಟರ್ನ್‌ಶಿಪ್ ನಡೆಯುತ್ತಿರುವಾಗಲೇ ಮಾಡಿಸಿಟ್ಟುಕೊಳ್ಳಿ. ಪಿಯುಸಿ, ಎಂಬಿಬಿಎಸ್ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಓದಿದ್ದರಿಂದ ಹಕ್ಕು ಹೋಯಿತೆಂದು ಎಷ್ಟೋ ಜನ ಕೈಬಿಡುತ್ತಾರೆ. ಹಾಗಲ್ಲ. ಹುಟ್ಟಿನಿಂದಲೋ ವಾಸದಿಂದಲೋ ಈ ಭಾಗದವರಾದರೆ ಅರ್ಜಿ ಹಾಕಬಹುದು. ಜನನ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಕೆಇಎ ಅರ್ಜಿಯ 371(ಜೆ) ಕಾಲಂ ಭರ್ತಿ ಮಾಡುವುದನ್ನು ಮರೆಯಬೇಡಿ, ಪ್ರಮಾಣಪತ್ರ ಕೈಯಲ್ಲಿದ್ದರೂ ಅರ್ಜಿಯಲ್ಲಿ ಕೇಳದಿದ್ದರೆ ಫಲವಿಲ್ಲ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಕಡೇ ಪುಟದವರೆಗೆ ಓದಿ.

ಕೌನ್ಸೆಲಿಂಗ್‌ನಲ್ಲಿ ನೀವು ತುಂಬುವ ಆಯ್ಕೆ ಪಟ್ಟಿಯಲ್ಲಿ ಸಮುದಾಯ ವೈದ್ಯಶಾಸ್ತ್ರವನ್ನು 'ಏನೂ ಸಿಗದಿದ್ದರೆ ಇರಲಿ' ಎಂದು ತಳದಲ್ಲಿ ತುರುಕಬೇಡಿ ಎಂಬುದು ನನ್ನ ಕಳಕಳಿ. ಕರ್ನಾಟಕವನ್ನೂ ಕಾಡಿದ ನಾರುಹುಣ್ಣು ತೊಲಗಿದ್ದು ಶಸ್ತ್ರಚಿಕಿತ್ಸೆಯಿಂದಲ್ಲ, ನೀರು ಶೋಧಿಸಿ ಕುಡಿಯುವುದನ್ನು ಹಳ್ಳಿಹಳ್ಳಿಗೂ ಕಲಿಸಿದ್ದರಿಂದ. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಂಥ ಕೆಲಸಕ್ಕೆ ಮನಸ್ಸಿದ್ದವರು ಬನ್ನಿ.

ಸೇರಿದ ಮೇಲೆ ಪ್ರಬಂಧದ ವಿಷಯ ಬೇಗ ಗೊತ್ತುಮಾಡಿ. ಮನೆಮನೆ ಸಮೀಕ್ಷೆಯನ್ನು ತೊಗರಿ ಕೊಯ್ಲಿನ ದಿನಗಳಲ್ಲಿ ಇಟ್ಟುಕೊಂಡರೆ ಬಾಗಿಲಿಗೆ ಬೀಗವೇ ಸಿಗುತ್ತದೆ. ಬೇಸಿಗೆಯಲ್ಲಿ ತಾಂಡಾಗಳ ಎಷ್ಟೋ ಕುಟುಂಬ ಪುಣೆ, ಮುಂಬೈಗೆ ಗುಳೆ ಹೋಗಿರುತ್ತವೆ. ಪ್ರಶ್ನಾವಳಿಯನ್ನು ಇಲ್ಲಿಯ ಆಡುಮಾತಿನಲ್ಲಿ ಬರೆಯಿರಿ. ದಖನಿ ಉರ್ದು, ಲಂಬಾಣಿ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ, ಆಳಂದದ ಗಡಿಹಳ್ಳಿಗಳಲ್ಲಿ ಮರಾಠಿಯೂ ಬೇಕಾದೀತು.

ಮೂರರಿಂದ ಐದನೇ ಸೆಮಿಸ್ಟರ್ ನಡುವೆ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ ಕಡ್ಡಾಯ. ನಡುವೆ ಸೀಟು ಬಿಟ್ಟರೆ ದಂಡ ಕಟ್ಟಬೇಕಾಗುತ್ತದೆ, ಬಾಂಡ್ ಓದಿಯೇ ಸಹಿ ಹಾಕಿ.