ಸೋಸಿ ಉಳಿದ ನೀರು ದನಗಳಿಗೆ ಬೇಡ



ಗದಗ ಜಿಲ್ಲೆಯ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕಾಗಿಯೇ ಊರೂರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಅಲ್ಲಿ ಇನ್ನೊಂದು ಪೈಪಿನಿಂದ ಹೊರಬೀಳುವ ನೀರು ವ್ಯರ್ಥವಾಗಬಾರದೆಂದು ಅದನ್ನು ದನಗಳ ತೊಟ್ಟಿಗೆ ಬಿಡುವುದುಂಟು. ಬಾಳೆಹೊಸೂರ, ಸೂರಣಗಿ ಸುತ್ತಲಿನ ಸದಸ್ಯರು ಹೀಗೆ ಮಾಡಬಾರದು. ಏಕೆಂಬುದನ್ನು ತಿಳಿಯೋಣ.

ಪೊರೆ ಮಾಡುವ ಕೆಲಸ

ಘಟಕದೊಳಗೆ ಅತಿ ಸೂಕ್ಷ್ಮ ರಂಧ್ರಗಳ ಪೊರೆ ಇರುತ್ತದೆ. ಒತ್ತಡಕ್ಕೆ ನೀರು ಅದನ್ನು ದಾಟುತ್ತದೆ, ಲವಣಗಳು ಹಿಂದೆ ಉಳಿಯುತ್ತವೆ. ಪೊರೆ ವಿಷವನ್ನು ನಾಶಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೇ. ಲೀಟರಿಗೆ 2 ಮಿ.ಗ್ರಾಂ ಫ್ಲೋರೈಡ್ ಇರುವ 100 ಲೀಟರ್ ನೀರಿನಲ್ಲಿ 50 ಲೀಟರ್ ಶುದ್ಧವಾಗಿ ಬಂದರೆ, ಉಳಿದ 50 ಲೀಟರಿನಲ್ಲಿ ಫ್ಲೋರೈಡ್ ಲೀಟರಿಗೆ ಸುಮಾರು 4 ಮಿ.ಗ್ರಾಂ ಆಗುತ್ತದೆ. ದನಗಳಿಗೆ ಸುರಕ್ಷಿತ ಮಿತಿ 2 ಮಿ.ಗ್ರಾಂ.

ಭಾರಲೋಹಗಳಿಗೆ ಪಾಲಿಮರ್

ಸೀಸ, ಕ್ಯಾಡ್ಮಿಯಂನಂಥ ಲೋಹಗಳ ಕಣಗಳು ಬಹು ಚಿಕ್ಕವು. ದೊಡ್ಡ ರಂಧ್ರದ, ಕಡಿಮೆ ಒತ್ತಡದ ಪೊರೆಯಿಂದ ಅವು ನುಸುಳಿ ಹೋಗುತ್ತವೆ. ಆದ್ದರಿಂದ ನೀರಿನಲ್ಲಿ ಕರಗುವ ಪಾಲಿಮರ್ ಸೇರಿಸುತ್ತಾರೆ. ಇದರ ಅಣುಗಳು ಉದ್ದ ಸರಪಳಿಯಂತಿದ್ದು ಲೋಹವನ್ನು ಹಿಡಿದುಕೊಳ್ಳುತ್ತವೆ. ಜರಡಿಯಿಂದ ಬೀಳುವ ಸಾಸಿವೆಯನ್ನು ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿದರೆ ಅದು ಜರಡಿಯ ಮೇಲೆಯೇ ನಿಲ್ಲುವುದಿಲ್ಲವೇ? ಹಾಗೆಯೇ ಇದು. ನಂತರ ಆಮ್ಲ ಹಾಕಿ ಲೋಹ ಬಿಡಿಸಿ, ಪಾಲಿಮರನ್ನು ಮತ್ತೆ ಬಳಸಬಹುದು. ಇದು ಮುಖ್ಯವಾಗಿ ಕಾರ್ಖಾನೆಗಳ ಕೊಳೆ ನೀರಿಗೆ ಯೋಗ್ಯವಾದ ವಿಧಾನ. ಇಲ್ಲಿಯೂ ಉಳಿದ ನೀರಿನಲ್ಲಿ ವಿಷ ಸಾಂದ್ರವಾಗಿರುತ್ತದೆ.

ಭೂಮಿಯಿಂದಲೇ ನೀರಿಗೆ ವಿಷ ಸೇರುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರಿಗೆ ಚರ್ಮರೋಗ ಬಂದದ್ದು 2013ರ ಹೊತ್ತಿಗೆ ಅಧ್ಯಯನಗಳಲ್ಲಿ ದಾಖಲಾಗಿದೆ. ಅದು ಹಳೆಯ ಚಿನ್ನದ ಗಣಿ ಪ್ರದೇಶ.

ದನಗಳಲ್ಲಿ ಲಕ್ಷಣಗಳು

ಫ್ಲೋರೈಡ್ ನಿಧಾನ ವಿಷ. ಕರುವಾಗಿದ್ದಾಗಿನಿಂದ ಇಂಥ ನೀರು ಕುಡಿದ ದನದ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಹಲ್ಲು ಬೇಗ ಸವೆಯುತ್ತದೆ. ಮುಂದೆ ಕಾಲಿನ ಎಲುಬು ದಪ್ಪವಾಗಿ ಕುಂಟುತ್ತದೆ. ಮೇವು ಅಗಿಯಲಾರದೆ ಸೊರಗಿ, ಹಾಲು ಇಳಿಯುತ್ತದೆ. ಸವೆದ ಹಲ್ಲು ಔಷಧದಿಂದ ಮರಳಿ ಬಾರದು. ಹಾಲು ಕರೆಯುವ ಆಕಳು ದಿನಕ್ಕೆ 50 ಲೀಟರಿಗೂ ಹೆಚ್ಚು ನೀರು ಕುಡಿಯಬಹುದು. ಅದಕ್ಕೇ ನೀರಿನ ದೋಷ ಬೇಗ ಕೂಡುತ್ತದೆ.

ನೀವು ಮಾಡಬೇಕಾದದ್ದು

1. ಕೊಳವೆ ಬಾವಿಯ ನೀರನ್ನು ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಗ್ರಾಮ ಪಂಚಾಯಿತಿಯ ಮೂಲಕ ಪರೀಕ್ಷೆ ಮಾಡಿಸಿರಿ. ಲೋಹದ ಪರೀಕ್ಷೆಗೆ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯಿರಿ.
2. ಫ್ಲೋರೈಡ್ ಹೆಚ್ಚಿದ್ದರೆ ಕೃಷಿ ಹೊಂಡದ ಅಥವಾ ಮಳೆಯ ಸ್ವಚ್ಛ ನೀರು ಬೆರೆಸಿ ಕುಡಿಸಿರಿ. ಮೊದಲ ಪಾಲು ಕರು, ಮಣಕ, ಗಬ್ಬದ ದನಗಳಿಗಿರಲಿ.
3. ನೀರು ಕುದಿಸಿದರೆ ಫ್ಲೋರೈಡ್ ಆಗಲಿ, ಲೋಹವಾಗಲಿ ಹೋಗುವುದಿಲ್ಲ.
4. ಘಟಕದ ಉಳಿದ ನೀರಿನಿಂದ ಕೊಟ್ಟಿಗೆಯ ನೆಲ ತೊಳೆಯಿರಿ. ಹಾಲಿನ ಕ್ಯಾನಿಗೆ, ಕೆಚ್ಚಲಿಗೆ ಬಳಸಬೇಡಿರಿ. ದನಗಳು ನೆಕ್ಕದಂತೆ ಆ ನೀರನ್ನು ಹರಿದುಹೋಗಲು ಬಿಡಿರಿ.
5. ಕುಂಟುವ, ಹಲ್ಲು ಕೆಟ್ಟ ದನ ಕಂಡರೆ ಪಶುವೈದ್ಯರಿಗೆ ತೋರಿಸಿ, ಅದು ಕುಡಿಯುವ ನೀರಿನ ಮೂಲವನ್ನೂ ತಿಳಿಸಿರಿ.

ನಾವು ಕುಡಿಯಲು ಒಲ್ಲದ್ದನ್ನು ಮೂಕಪ್ರಾಣಿಯ ಮುಂದಿಡುವುದು ಬೇಡ. ಹಿಂಡಿಗೆ ಖರ್ಚು ಮಾಡುವಷ್ಟೇ ಕಾಳಜಿ ನೀರಿಗೂ ಇರಲಿ.